ವೋಟಿನಾಚೆಯ ಪ್ರಜಾಪ್ರಭುತ್ವ: ಮನೆ, ಬೀದಿ, ಡೈರಿ, ಕಾಲುವೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಬಡಾವಣೆ ಸಂಘ, ಸ್ತ್ರೀಶಕ್ತಿ ಗುಂಪು, ಹಾಲಿನ ಡೈರಿ, ಶಾಲಾ ಸಮಿತಿ, ನೀರು ಬಳಕೆದಾರರ ಸಂಘಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇವೆ. ಪೂರ್ತಿ ಓದಬೇಕೆಂದಿಲ್ಲ, ನಿಮ್ಮ ತಲೆನೋವು ಯಾವುದೋ ನೇರ ಅಲ್ಲಿಗೆ ಹೋಗಿ.

## ಮೊದಲಿಗೆ

ಪ್ರಜಾಪ್ರಭುತ್ವ ಅಂದ್ರೆ ಎಲೆಕ್ಷನ್ ತಾನೆ? ಮನೆಗೂ ಬೀದಿಗೂ ಅದಕ್ಕೂ ಏನು ಸಂಬಂಧ?

ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುವುದು ಅದರ ಒಂದು ತುಣುಕು. (ಆ ಶಾಯಿ ತಯಾರಾಗುವುದೂ ಮೈಸೂರಿನಲ್ಲೇ, 1962ರ ಚುನಾವಣೆಯಿಂದ.) ಉಳಿದ ದಿನಗಳಲ್ಲಿ ನಮ್ಮನ್ನು ಮುಟ್ಟುವ ತೀರ್ಮಾನಗಳು ಬೇರೆ ಕಡೆ ಆಗುತ್ತಿರುತ್ತವೆ. ಗದ್ದೆಗೆ ನೀರು ಯಾವ ರಾತ್ರಿ, ಡೈರಿಯ ಬೋನಸ್ ಎಷ್ಟು, ಹಬ್ಬಕ್ಕೆ ಮನೆಗೆ ಎಷ್ಟು ಚಂದಾ, ಮಗಳು ಪಿಯುಸಿ ನಂತರ ಓದಬೇಕೋ ಬೇಡವೋ.

ಇಂಥ ಯಾವ ಜಾಗಕ್ಕೇ ಆಗಲಿ ಮೂರು ಪ್ರಶ್ನೆ ಹಾಕಿ ನೋಡಿ. ತೀರ್ಮಾನ ಆಗುವ ಮೊದಲೇ ನಿಮಗೆ ವಿಷಯ ಗೊತ್ತಾಯಿತೇ? ಲೆಕ್ಕದ ಪುಸ್ತಕ ಕೇಳಿದರೆ ತೋರಿಸುತ್ತಾರೆಯೇ? ‘ಬೇಡ’ ಅಂದವರ ಪಾಡು ಆಮೇಲೆ ಏನಾಯಿತು? ನಮ್ಮ ಮಟ್ಟಿಗೆ ಮೂರನೆಯದೇ ಗಟ್ಟಿ ಪ್ರಶ್ನೆ. ಮೊದಲೆರಡನ್ನು ಕಾಗದದ ಮೇಲೆ ಸರಿಮಾಡಿ ತೋರಿಸಬಹುದು, ಮೂರನೆಯದನ್ನು ಆಗದು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ಇದನ್ನೇ. ರಾಜಕೀಯದಲ್ಲಿ ಒಬ್ಬರಿಗೊಂದು ಮತ, ಎಲ್ಲ ಮತಕ್ಕೂ ಒಂದೇ ಬೆಲೆ. ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಆ ಸಮಾನತೆ ಇಲ್ಲ. ಈ ಇಬ್ಬಂದಿಯನ್ನು ಬೇಗ ನೀಗಿಕೊಳ್ಳದಿದ್ದರೆ ಕಟ್ಟಿದ ಕಟ್ಟಡವೇ ಉಳಿಯದು ಎಂಬುದು ಅವರ ಮಾತಿನ ಸಾರ.

ಎಲ್ಲದಕ್ಕೂ ಸಭೆ, ಎಲ್ಲದಕ್ಕೂ ವೋಟು ಅಂತ ಕೂತ್ರೆ ಕೆಲಸ ಆಗುತ್ತಾ?

ಆಗುವುದಿಲ್ಲ, ಹಾಗೆ ಕೂರಲೂಬಾರದು. ಬೀದಿದೀಪದ ಬಲ್ಬು ಹೋದರೆ ಕಾರ್ಯದರ್ಶಿ ಹಾಕಿಸಿ ಬಿಲ್ಲು ಇಡಲಿ. ವರ್ಷದ ಮೊದಲ ಸಭೆಯಲ್ಲೇ ಒಂದು ಗೆರೆ ಎಳೆದುಬಿಡಿ: ಉದಾಹರಣೆಗೆ 2,000 ರೂಪಾಯಿವರೆಗೆ ಕಾರ್ಯದರ್ಶಿ, 10,000ದವರೆಗೆ ಸಮಿತಿ, ಅದರಾಚೆ ಎಲ್ಲ ಸದಸ್ಯರು. ನಿಮ್ಮ ಸಂಘದ ಗಾತ್ರ ನೋಡಿ ಅಂಕಿ ಬದಲಿಸಿಕೊಳ್ಳಿ. ಒಂದು ಕಳ್ಳದಾರಿ ಮಾತ್ರ ನೆನಪಿರಲಿ: 18,000ದ ಕೆಲಸವನ್ನು 9,000ದ ಎರಡು ಬಿಲ್ಲಾಗಿ ಸೀಳುವುದು. ಒಂದೇ ಕೆಲಸದ ಬಿಲ್ಲುಗಳನ್ನು ಕೂಡಿಸಿಯೇ ಲೆಕ್ಕ ಹಿಡಿಯಬೇಕು ಅಂತ ಅದೇ ಠರಾವಿನಲ್ಲಿ ಬರೆದಿಡಿ.

ಇದೆಲ್ಲ ಹೊರಗಿಂದ ಬಂದದ್ದಲ್ವಾ? ನಮ್ಮ ಕಡೆ ಮೊದಲಿಂದ ಇತ್ತಾ?

ಎರಡೂ ಕಡೆಯವರು ಸ್ವಲ್ಪ ಹೆಚ್ಚಾಗಿಯೇ ಹೇಳುತ್ತಾರೆ. ದಿವಾನ್ ರಂಗಾಚಾರ್ಲು ಕಾಲದಲ್ಲಿ, 1881ರಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ಮೊದಲ ಸಭೆಗೆ ಬಂದವರು 144 ಮಂದಿ. ದೇಶದ ಸಂಸ್ಥಾನಗಳಲ್ಲಿ ಅದು ಹೊಸ ಹೆಜ್ಜೆ, ನಿಜ. ಆದರೆ ಬಂದವರು ಹೆಚ್ಚಾಗಿ ಜಮೀನು, ವ್ಯಾಪಾರ ಇದ್ದವರು. ಅಹವಾಲು ಹೇಳಬಹುದಿತ್ತು, ತೀರ್ಮಾನ ಅವರ ಕೈಯಲ್ಲಿರಲಿಲ್ಲ. ಹೆಂಗಸರಿಗೆ ಮತದ ದಾರಿ ತೆರೆದದ್ದು 1923ರಲ್ಲಿ. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ಬಾವುಟ ಹಾರಿಸಿದರು, 1947ರಲ್ಲಿ ಮೈಸೂರು ಚಲೋ ಚಳವಳಿ ನಡೆಯಿತು, ಆಮೇಲೆ ಜವಾಬ್ದಾರಿ ಸರ್ಕಾರ, ಅಂದರೆ ಜನರ ಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರ ಬಂತು. ಕೊಟ್ಟದ್ದೂ ಇದೆ, ಕೇಳಿ ಪಡೆದದ್ದೂ ಇದೆ.

ಅರಳಿಕಟ್ಟೆ ಪಂಚಾಯ್ತಿಯ ಮಾತಿಗೆ ಬಂದರೆ, ಅಲ್ಲಿ ಮಾತುಕತೆಯೇನೋ ಇತ್ತು. ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಕೆಳಗೆ ಕೈಕಟ್ಟಿ ಯಾರು ನಿಲ್ಲುತ್ತಿದ್ದರು ಅನ್ನುವುದನ್ನೂ ಜೊತೆಗೇ ನೆನೆಯಬೇಕು.

ಯಜಮಾನ್ರು ಒಂದ್ ಮಾತ್ ಹೇಳುದ್ರೆ ನಮ್ಮೂರಲ್ಲಿ ಮುಗೀತು. ಸಭೆಗಿಭೆ ಯಾಕ್ ಬೇಕು?

ಯಜಮಾನರು ನ್ಯಾಯವಂತರೇ ಇರಬಹುದು. ಅವರ ನಂತರ ಯಾರು, ಆ ಮನುಷ್ಯನೂ ಹಾಗೇ ಇರುತ್ತಾನೆಯೇ ಅನ್ನುವುದು ಒಂದು. ಅವರ ಕಿವಿಗೆ ಯಾರ ಮಾತು ಬೀಳುತ್ತದೆ ಅನ್ನುವುದು ಇನ್ನೊಂದು. ಹಿತ್ತಲಲ್ಲಿ ಪಾತ್ರೆ ತೊಳೆಯುವವರಿಗೆ ಬೋರ್‌ವೆಲ್ ಕೆಟ್ಟು ಆರು ದಿನವಾದದ್ದು ಗೊತ್ತಿರುತ್ತದೆ, ಜಗುಲಿಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಅವರ ಕಿವಿಗೆ ಬೀಳದ ಮಾತು ಕೇಳಿಸಲಿಕ್ಕೆ ಸಭೆ ಬೇಕು.

## ಮನೆಯೊಳಗೆ

ಮನೇಲಿ ಹಿರಿಯರ ಮಾತು ಕೇಳೋದೂ ತಪ್ಪು ಅಂತೀರಾ?

ಇಲ್ಲ. ಗೌರವ ಕೊಡುವುದು ಬೇರೆ, ಕೆಲಸ ಯಾರ ಹೆಗಲಿಗೆ ಬೀಳುತ್ತದೋ ಅವರನ್ನು ಕೇಳದೆ ತೀರ್ಮಾನಿಸುವುದು ಬೇರೆ. ಇನ್ನೊಂದು ಸೀಮೆಹಸು ತರುವ ಮಾತು ತೆಗೆದುಕೊಳ್ಳಿ. ಬೆಳಗಿನ ಜಾವ ಎದ್ದು ಸಗಣಿ ಬಾಚುವುದು, ಹುಲ್ಲು ಕೊಯ್ದು ಹೊರುವುದು, ಎರಡು ಹೊತ್ತು ಹಾಲು ಕರೆಯುವುದು ಬಹುಪಾಲು ಸೊಸೆ. ಡೈರಿಯ ಬಟವಾಡೆ ಜಮಾ ಆಗುವುದು ಮಾವನ ಖಾತೆಗೆ. ಹಸು ತರೋಣವೋ ಬೇಡವೋ ಅನ್ನುವಾಗ ಸೊಸೆ ಒಲೆ ಮುಂದೆ ಇದ್ದರೆ, ಆ ತೀರ್ಮಾನ ಅರ್ಧ ತಿಳಿದು ಮಾಡಿದ್ದು. ಹಸು ಬಂದ ಮೂರು ತಿಂಗಳಿಗೆ ಕೆಚ್ಚಲು ಬಾವು ಬಂದಾಗ ಜಗಳ ಆಗುವುದೂ ಇದಕ್ಕೇ.

ಮಾಡಿ ನೋಡಬಹುದಾದ ಒಂದು ಕ್ರಮ: ತಿಂಗಳಿಗೊಮ್ಮೆ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ. ಎಲ್ಲರೂ ಕೂತ ಮೇಲೆಯೇ ಶುರು, ಪಾತ್ರೆ ಆಮೇಲೆ ತೊಳೆದರಾಯಿತು. ಬರುವ ತಿಂಗಳ ಆದಾಯ, ಖರ್ಚು, ಸಾಲದ ಕಂತು ಒಂದು ಹಾಳೆಯಲ್ಲಿ. ಮಾತು ಚಿಕ್ಕವರಿಂದ ಮೊದಲಾಗಿ ದೊಡ್ಡವರಿಗೆ ಬರಲಿ. ಅಜ್ಜ ಮೊದಲು ಬಾಯಿಬಿಟ್ಟರೆ ಮೊಮ್ಮಗಳು ಅದಕ್ಕೆ ಎದುರು ಆಡುವುದಿಲ್ಲ. ಕೊನೆಯಲ್ಲಿ ಆಡಿದರೆ ಅಜ್ಜನ ಗೌರವವೂ ಉಳಿಯುತ್ತದೆ, ಮೊಮ್ಮಗಳ ಮಾತೂ ಹೊರಬಿದ್ದಿರುತ್ತದೆ. ಮಕ್ಕಳಿಗೆ ಪೂರ್ತಿ ಬಿಟ್ಟುಕೊಡುವ ಒಂದೆರಡು ವಿಷಯವೂ ಇರಲಿ, ಭಾನುವಾರದ ಅಡುಗೆಯಂಥದ್ದು.

ಆಸ್ತಿ ಭಾಗ ಮಾಡುವಾಗ ಅಕ್ಕತಂಗೀರು ಸಹಿ ಹಾಕಿಕೊಡೋದು ವಾಡಿಕೆ. ಅವರೇ ಖುಷಿಯಾಗಿ ಹಾಕಿದ್ರೆ?

ಖುಷಿಯಾಗಿ ಹಾಕಿದ್ದೋ ಅಲ್ಲವೋ ತಿಳಿಯುವುದು ಅವರು ‘ಹಾಕಲ್ಲ’ ಅಂದಿದ್ದರೆ ತವರಿನ ಬಾಗಿಲು ತೆರೆದಿರುತ್ತಿತ್ತೇ ಅನ್ನುವುದರಿಂದ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು, 2005ರಲ್ಲಿ ಇಡೀ ದೇಶಕ್ಕೆ ಆಯಿತು. ಆದರೂ ಬೆಳಿಗ್ಗೆ ಕಾರು ಕಳಿಸಿ, ಸೀರೆ ಕುಂಕುಮ ಕೊಟ್ಟು, ಮಧ್ಯಾಹ್ನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನಿಂತಿಲ್ಲ.

ನೇರವಾಗಿ ನಡೆದುಕೊಳ್ಳುವುದಾದರೆ: ಪತ್ರದ ನಕಲು, ಪಹಣಿ, ಸರ್ವೆ ನಂಬರುವಾರು ಎಕರೆ ಗುಂಟೆ ಪಟ್ಟಿ ಹದಿನೈದು ದಿನ ಮುಂಚೆ ಅವರ ಕೈಗೆ ಹೋಗಲಿ. ಜಮೀನಿನ ಇವತ್ತಿನ ಬೆಲೆ ಬಾಯಿಬಿಟ್ಟು ಹೇಳಿ. ಅವರ ಕಡೆಯ ವಕೀಲರಿಗೆ ತೋರಿಸಲು ಬಿಡಿ. ಅಷ್ಟಾದ ಮೇಲೂ ಬಿಟ್ಟುಕೊಟ್ಟರೆ ಅದು ಅವರ ದೊಡ್ಡತನ.

## ಸಭೆ ನಡೆಸುವ ಕೆಲಸ

ಎಷ್ಟ್ ಸಲ ಕರೆದ್ರೂ ಸಭೆಗೆ ಜನಾನೇ ಬರಲ್ಲ. ಏನ್ ಮಾಡೋದು?

ಹೊತ್ತು ನೋಡಿ. ಸಂಜೆ ಐದೂವರೆಯಿಂದ ಏಳು ಹಾಲು ಕರೆದು ಡೈರಿಗೆ ಹಾಕುವ ಸಮಯ. ಆ ಹೊತ್ತಿಗೆ ಕರೆದ ಸಭೆಗೆ ಹೆಂಗಸರು ಬರುವುದಿಲ್ಲ. ನಾಟಿ, ಕಬ್ಬು ಕಟಾವಿನ ದಿನಗಳಲ್ಲಿ ಕೂಲಿಗೆ ಹೋಗುವವರೂ ಇಲ್ಲ. ಜಾಗ ನೋಡಿ: ದೇವಸ್ಥಾನದ ಒಳಾಂಗಣದಲ್ಲಿ, ದೊಡ್ಡವರ ಮನೆ ಹಜಾರದಲ್ಲಿ ಕರೆದರೆ ಕಾಲಿಡಲು ಹಿಂಜರಿಯುವವರು ಇದ್ದೇ ಇರುತ್ತಾರೆ. ಶಾಲೆ ಅಥವಾ ಅಂಗನವಾಡಿ ವಾಸಿ. ಆಮೇಲೆ ನೋಟಿಸು. ‘ಸಭೆ ಇದೆ, ಎಲ್ಲರೂ ಬನ್ನಿ’ ಅಂದರೆ ಯಾರೂ ಬರುವುದಿಲ್ಲ; ‘ನೀರಿನ ದರ 100ರಿಂದ 150 ರೂಪಾಯಿ ಮಾಡುವ ತೀರ್ಮಾನ’ ಅಂತ ಬರೆದು ನೋಡಿ. ಏಳು ದಿನ ಮುಂಚೆ, ವಿಷಯಪಟ್ಟಿ ಸಮೇತ. ಪಟ್ಟಿಯಲ್ಲಿಲ್ಲದ ವಿಷಯವನ್ನು ‘ಅಧ್ಯಕ್ಷರ ಅಪ್ಪಣೆ ಮೇರೆಗೆ’ ಅಂತ ಕೊನೆಯಲ್ಲಿ ತಂದು ಪಾಸು ಮಾಡಬೇಡಿ. ಅದು ಒಮ್ಮೆ ನಡೆದರೆ ಪಟ್ಟಿಗೆ ಬೆಲೆಯೇ ಇರುವುದಿಲ್ಲ.

ಇಷ್ಟಾದರೂ ಬರದಿದ್ದರೆ ಹಿಂದಿನ ಸಭೆಯ ತೀರ್ಮಾನಗಳಲ್ಲಿ ಎಷ್ಟು ಜಾರಿಯಾಗಿವೆ ನೋಡಿ. ಉತ್ತರ ಅಲ್ಲೇ ಇರುತ್ತದೆ.

ಬಂದ್ರೂ ಅದೇ ನಾಕ್ ಜನ ಮಾತಾಡ್ತಾರೆ, ಉಳಿದವರು ಸುಮ್ನೆ ಕೂತಿರ್ತಾರೆ.

ಮೊದಲ ಸುತ್ತು: ಕೂತ ಸಾಲಿನ ಪ್ರಕಾರ ಒಬ್ಬೊಬ್ಬರಿಗೆ ಎರಡು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ‘ನನ್ನದೇನಿಲ್ಲ, ಮುಂದಕ್ಕೆ’ ಅನ್ನಲು ಅವಕಾಶವಿರಲಿ. ಇಪ್ಪತ್ತು ಜನಕ್ಕೆ ನಲವತ್ತು ನಿಮಿಷ. ಎಲ್ಲರದೂ ಮುಗಿದ ಮೇಲೆ ಎರಡನೇ ಸುತ್ತು, ಕೈ ಎತ್ತಿದವರಿಗೆ. ಐವತ್ತಕ್ಕಿಂತ ಹೆಚ್ಚು ಜನ ಇದ್ದರೆ ಐದೈದು ಜನರ ಗುಂಪು ಮಾಡಿ ಹತ್ತು ನಿಮಿಷ ಮಾತಾಡಿಕೊಳ್ಳಲು ಬಿಡಿ, ಗುಂಪಿಗೊಬ್ಬರು ಹೇಳಲಿ.

ಕುರ್ಚಿ ಸಣ್ಣ ವಿಷಯ ಅನ್ನಿಸಬಹುದು. ನಾಲ್ಕು ಜನ ಕುರ್ಚಿಯ ಮೇಲೆ, ಉಳಿದವರು ಚಾಪೆಯ ಮೇಲೆ ಕೂತ ಸಭೆಯಲ್ಲಿ ಮಾತಾಡುವವರು ಯಾರೆಂದು ಕಣ್ಣುಮುಚ್ಚಿ ಹೇಳಬಹುದು. ಎಲ್ಲರಿಗೂ ಕುರ್ಚಿ, ಇಲ್ಲವೇ ಎಲ್ಲರಿಗೂ ಚಾಪೆ.

ನಡವಳಿ ಪುಸ್ತಕ ಹೇಗೆ ಬರೀಬೇಕು? ನಮ್ಮಲ್ಲಿ ಸಹಿ ಮಾತ್ರ ತಗೋತಾರೆ.

ಎಲ್ಲ ರೋಗದ ಮೂಲ ಇದೇ. ಸಭೆಯ ಮೊದಲಿಗೇ ಖಾಲಿ ಹಾಳೆಯ ಮೇಲೆ ಹಾಜರಿ ಸಹಿ ತೆಗೆದುಕೊಳ್ಳುತ್ತಾರೆ, ಮೇಲಿನ ಬಿಳಿ ಜಾಗದಲ್ಲಿ ವಾರದ ನಂತರ ತೀರ್ಮಾನ ಹುಟ್ಟಿಕೊಳ್ಳುತ್ತದೆ. ಖಾಲಿ ಹಾಳೆಗೆ ಯಾವತ್ತೂ ಸಹಿ ಹಾಕಬೇಡಿ.

ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಚರಂಡಿ ವಿಷಯ ಚರ್ಚಿಸಲಾಯಿತು. ಎಲ್ಲರೂ ಒಪ್ಪಿದರು.’ ಒಪ್ಪಿದ್ದು ಏನನ್ನು, ಎಷ್ಟಕ್ಕೆ, ಯಾರು ಮಾಡುತ್ತಾರೆ ಯಾವುದೂ ಇಲ್ಲ. ಬರೆಯಬೇಕಾದದ್ದು ಹೀಗೆ:

‘ವಿಷಯ 3: ಎರಡನೇ ಅಡ್ಡರಸ್ತೆ ಚರಂಡಿಯ ಹೂಳು ತೆಗೆಸುವುದು. ಹಾಜರು 23. ಬಂದ ದರಪಟ್ಟಿ ಎರಡು, ರೂ. 9,500 ಮತ್ತು ರೂ. 12,000. ಮೊದಲನೆಯವರು ಹೂಳನ್ನು ಸಾಗಿಸುವುದಿಲ್ಲ. ಎರಡನೆಯದಕ್ಕೆ ಒಪ್ಪಿಗೆ, ಪರ 16, ವಿರೋಧ 5, ತಟಸ್ಥ 2. ವಿರೋಧದ ಕಾರಣ: ಇದು ನಗರಪಾಲಿಕೆಯ ಕೆಲಸ, ಮೊದಲು ಅರ್ಜಿ ಕೊಡಬೇಕು. ಹೊಣೆ: ಖಜಾಂಚಿ. ಗಡುವು: ಮುಂದಿನ ಸಭೆ.’

ವಿರೋಧದ ಕಾರಣ ಬರೆಯುವುದನ್ನು ಬಿಡಬೇಡಿ. ಆರು ತಿಂಗಳ ನಂತರ ಚರಂಡಿ ಮತ್ತೆ ತುಂಬಿದಾಗ ಆ ಐದು ಜನ ಹೇಳಿದ್ದು ಸರಿಯಿತ್ತು ಅನ್ನಿಸಬಹುದು. ಪುಸ್ತಕಕ್ಕೆ ಪುಟಸಂಖ್ಯೆ ಹಾಕಿ. ಬರೆದದ್ದನ್ನು ಸಭೆ ಮುಗಿಯುವ ಮೊದಲೇ ಗಟ್ಟಿಯಾಗಿ ಓದಿ, ಕೊನೆಯ ಸಾಲಿನ ಕೆಳಗೇ ಸಹಿ, ಉಳಿದ ಜಾಗಕ್ಕೆ ಅಡ್ಡಗೆರೆ.

ಸರ್ವಾನುಮತದಿಂದ ಆಗೋದು ಒಳ್ಳೇದಲ್ವಾ?

ಮನಸ್ಸುಗಳು ಕೂಡಿ ಆದರೆ ಒಳ್ಳೆಯದು. ‘ಯಾರಾದ್ರೂ ವಿರೋಧ ಇದ್ದೀರಾ?’ ಅಂತ ಕೇಳಿ, ಮೂರು ಸೆಕೆಂಡು ಬಿಟ್ಟು, ಚಪ್ಪಾಳೆ ತಟ್ಟಿಸಿ ಬರೆದ ಸರ್ವಾನುಮತ ಬೇರೆ ಜಾತಿಯದು. ಯಾರಿಗಾದರೂ ಮುಜುಗರವಾಗುವ ವಿಷಯಕ್ಕೆ, ಅಂದರೆ ಪದಾಧಿಕಾರಿಗಳ ಆಯ್ಕೆ, ಒಬ್ಬರ ಮೇಲಿನ ದೂರು, ಸಂಬಳದ ಮಾತು ಇಂಥವಕ್ಕೆ, ಚೀಟಿ ಹಾಕಿಸಿ. ಒಂದೇ ಅಳತೆಯ ಕಾಗದ, ಒಂದೇ ಬಣ್ಣದ ಪೆನ್ನು, ಎಲ್ಲರ ಮುಂದೆ ಎಣಿಕೆ. ಓದು ಬಾರದವರು ಇದ್ದರೆ ಎರಡು ಬಗೆಯ ಕಾಳು, ಮುಚ್ಚಿದ ಒಂದು ಡಬ್ಬಿ. ಕಡಲೆ ಅಂದರೆ ಹೂಂ, ಹುರುಳಿ ಅಂದರೆ ಊಹೂಂ. ಪ್ರತಿಯೊಬ್ಬರಿಗೂ ಎರಡೂ ಕಾಳು ಒಂದೊಂದು ಕೊಡಿ, ಬೇಡದ ಕಾಳನ್ನು ಹಾಕಲು ಇನ್ನೊಂದು ಡಬ್ಬಿ ಇಡಿ. ಇಲ್ಲದಿದ್ದರೆ ಉಳಿದ ಕಾಳು ಕೈಯಲ್ಲಿ ಕಂಡು ಗುಟ್ಟು ರಟ್ಟಾಗುತ್ತದೆ.

ಮೂರು ಕೆಲಸ ಇದೆ, ದುಡ್ಡು ಒಂದಕ್ಕೇ. ಜಾಸ್ತಿ ವೋಟು ಬಿದ್ದದ್ದು ಮಾಡಿದ್ರೂ ಜಗಳ ಆಗ್ತದೆ, ಯಾಕೆ?

ಮೂವತ್ತು ಜನರ ಸಭೆ ಅಂದುಕೊಳ್ಳಿ. ದೇವಸ್ಥಾನದ ಕಮಾನಿಗೆ 12, ಚರಂಡಿಗೆ 10, ಬೋರ್‌ವೆಲ್ ದುರಸ್ತಿಗೆ 8. ಕಮಾನು ಗೆದ್ದಿತು. ಆದರೆ ಉಳಿದ 18 ಜನಕ್ಕೆ ಕಮಾನೇ ಕೊನೆಯ ಆಯ್ಕೆಯಾಗಿತ್ತು. ಹೆಚ್ಚು ಜನಕ್ಕೆ ಬೇಡವಾದದ್ದೇ ಗೆದ್ದಿದೆ, ಜಗಳ ಆಗದೆ ಇರುತ್ತದೆಯೇ?

ಎರಡು ಸುತ್ತು ಮಾಡಿ. ಯಾವುದಕ್ಕೂ ಅರ್ಧಕ್ಕಿಂತ ಹೆಚ್ಚು ಬೀಳದಿದ್ದರೆ ಕೊನೆಯದನ್ನು ಕೈಬಿಟ್ಟು ಮತ್ತೆ ಕೈ ಎತ್ತಿಸಿ. ಬೋರ್‌ವೆಲ್‌ನ 8 ಜನ ಚರಂಡಿ ಕಡೆ ಬಂದರೆ 18ಕ್ಕೆ 12. ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಒಂದು ಎಚ್ಚರ: ಎಷ್ಟು ಸುತ್ತು, ಸಮಬಲವಾದರೆ ಏನು ಅನ್ನುವುದನ್ನು ಮೊದಲ ಕೈ ಎತ್ತುವ ಮುಂಚೆಯೇ ಹೇಳಿಬಿಡಿ. ಎಣಿಕೆ ಆದ ಮೇಲೆ ಕ್ರಮ ಬದಲಿಸಿದರೆ ಯಾರೂ ನಂಬುವುದಿಲ್ಲ.

ವಾಟ್ಸಾಪ್ ಗ್ರೂಪಲ್ಲೇ ತೀರ್ಮಾನ ಮಾಡಿದ್ರೆ ಸಾಕಲ್ವಾ?

ತಿಳಿಸಲು ಸಾಕು, ತೀರ್ಮಾನಿಸಲು ಸಾಲದು. ಗ್ರೂಪಿನಲ್ಲಿ ಇಲ್ಲದವರು ಯಾರು ಅಂತ ಮೊದಲು ಎಣಿಸಿ. ಒಂದು ಮನೆಯಿಂದ ಒಂದೇ ನಂಬರ್ ಇದ್ದರೆ ಅದು ಸಾಮಾನ್ಯವಾಗಿ ಗಂಡಸರದು. ಹೆಬ್ಬೆರಳ ಗುರುತು ‘ಓದಿದೆ’ ಅಂತಲೋ ‘ಒಪ್ಪಿದೆ’ ಅಂತಲೋ ಯಾರೂ ಹೇಳಲಾರರು. ಅನಿವಾರ್ಯವಾದರೆ ಪೋಲ್ ಹಾಕಿ, ‘ಚರ್ಚೆ ಬೇಕು’ ಅನ್ನುವುದೂ ಒಂದು ಆಯ್ಕೆಯಾಗಿರಲಿ, 48 ಗಂಟೆ ಬಿಡಿ, ಫಲಿತಾಂಶವನ್ನು ಪುಸ್ತಕಕ್ಕೆ ಇಳಿಸಿ. ಪ್ರಶ್ನೆ ಕೇಳಿದವರನ್ನು ಗ್ರೂಪಿನಿಂದ ತೆಗೆಯುವ ಅಡ್ಮಿನ್ ಹಿಂದಿನ ಕಾಲದ ಪಟೇಲರಿಗಿಂತ ಬೇರೆಯಲ್ಲ.

## ಊರು, ಬಡಾವಣೆ, ಸಂಘ

ಹಬ್ಬದ ಚಂದಾ ಲೆಕ್ಕ ಕೇಳಿದ್ರೆ ‘ದೇವರ ದುಡ್ಡು, ನಂಬಿಕೆ ಇಲ್ವಾ?’ ಅಂತಾರೆ.

ಅದಕ್ಕೇ ಕೇಳುವ ಸಂದರ್ಭ ಬರದಂತೆ ಮೊದಲೇ ಕಟ್ಟು ಮಾಡಿಕೊಳ್ಳಿ. ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಇರಲಿ, ಯಾವ ಪುಸ್ತಕ ಯಾರ ಕೈಗೆ ಅಂತ ಬರೆದಿಡಿ. ಐವತ್ತು ಹಾಳೆಯ ಮೂರು ಪುಸ್ತಕ ಅಂದರೆ 150 ರಸೀದಿ. 118 ಹರಿದಿದ್ದರೆ ಉಳಿದ 32 ಕಣ್ಣಿಗೆ ಕಾಣಬೇಕು. ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ, ಖರ್ಚಿನಲ್ಲಿ ಅಲ್ಲ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಉಚಿತ ಶಾಮಿಯಾನ ಕೊಟ್ಟವರಿಗೆ ಬೇರೆ ಪಟ್ಟಿ. ಹಬ್ಬ ಮುಗಿದ ಹತ್ತು ದಿನದೊಳಗೆ ಬಂದದ್ದು, ಹೋದದ್ದು, ಉಳಿದದ್ದು ಒಂದು ಹಾಳೆಯಲ್ಲಿ ಬರೆದು ದೇವಸ್ಥಾನದ ಗೋಡೆಗೆ ಅಂಟಿಸಿ. ಫ್ಲೆಕ್ಸಿನಲ್ಲಿ ಮುಖಂಡರ ಫೋಟೊ ಹಾಕಲು ಇರುವ ಉತ್ಸಾಹದ ಕಾಲುಭಾಗ ಸಾಕು.

ನಮ್ ಗದ್ದೆ ತೂಬಿನ ಕೊನೇಲದೆ. ಮೇಲ್ನೋರು ಬಿಟ್ರೆ ನೀರು, ಇಲ್ದಿದ್ರೆ ಇಲ್ಲ. ಇದಕ್ಕೇನ್ ಪ್ರಜಾಪ್ರಭುತ್ವ?

ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ನಾಲೆಗೆ ನೀರು ಯಾವಾಗ, ಎಷ್ಟು ದಿನದ ಕಟ್ಟು (ಒಮ್ಮೆ ನೀರು ಬಿಡುವ ಅವಧಿ) ಅನ್ನುವುದು ಇಲಾಖೆಯ ಕೈಯಲ್ಲಿದೆ. ತೂಬಿನಿಂದ ಕೆಳಗೆ ಹಂಚುವುದು ರೈತರ ಕೈಯಲ್ಲಿದೆ, ಅಲ್ಲಿ ಲೆಕ್ಕ ಕೂತರೆ ಬಡಿದಾಟ ಅರ್ಧ ನಿಲ್ಲುತ್ತದೆ.

ಒಂದು ತೂಬಿನ ಕೆಳಗೆ 28 ಎಕರೆ, ನೀರು ಏಳು ದಿನ, ಅಂದರೆ 168 ಗಂಟೆ ಅಂದುಕೊಳ್ಳಿ. ನೇರ ಭಾಗಿಸಿದರೆ ಎಕರೆಗೆ ಆರು ಗಂಟೆ. ಇಲ್ಲೇ ತಪ್ಪುವುದು. ಒಣಗಿದ ಕಾಲುವೆ ತುಂಬಿ ನೀರು ಕೊನೆಯ ಗದ್ದೆ ಮುಟ್ಟುವವರೆಗಿನ ಹೊತ್ತು ಕೊನೆಯವನ ಗಂಟೆಯಲ್ಲಿ ಕಳೆದುಹೋಗುತ್ತದೆ. ಆ ಹೊತ್ತು ಒಟ್ಟು ಏಳು ಗಂಟೆ ಅಂತ ಅಳೆದು ಗೊತ್ತಾದರೆ ಅದನ್ನು ಮೊದಲೇ ತೆಗೆದಿಡಿ: 161 ಗಂಟೆ, ಎಕರೆಗೆ 5 ಗಂಟೆ 45 ನಿಮಿಷ. ಎರಡು ಎಕರೆಯವರಿಗೆ ಹನ್ನೊಂದೂವರೆ ಗಂಟೆ. ಪ್ರತಿಯೊಬ್ಬರ ಗಡಿಯಾರ ಶುರುವಾಗುವುದು ನೀರು ಅವರ ಬದು ಮುಟ್ಟಿದಾಗ.

ಎರಡನೇ ಎಡವಟ್ಟು ರಾತ್ರಿಯದು. ಸರದಿ ಸರಿಯಾಗಿ ಏಳು ದಿನದ್ದಾದರೆ ರಾತ್ರಿ ಎರಡು ಗಂಟೆಗೆ ನೀರು ಸಿಕ್ಕವನಿಗೆ ಪ್ರತಿ ಸಲವೂ ರಾತ್ರಿ ಎರಡೇ. ಹಾವು, ಚಳಿ, ನಿದ್ದೆ ಎಲ್ಲ ಅವನೊಬ್ಬನ ಪಾಲಿಗೆ. ಮುಂದಿನ ಸರದಿಯನ್ನು ಬೆಳಗಿನ ಆರರ ಬದಲು ಸಂಜೆ ಆರಕ್ಕೆ ಶುರುಮಾಡಿ; ನಡುವಿನ ಹನ್ನೆರಡು ಗಂಟೆಯನ್ನು ಹಿಂದಿನ ಸಲ ಕಡಿಮೆ ಸಿಕ್ಕವರಿಗೆ ಕೊಡಿ. ಒಂದು ಕಟ್ಟಿಗೆ ಮೇಲಿನಿಂದ, ಮುಂದಿನ ಕಟ್ಟಿಗೆ ಕೊನೆಯಿಂದ ಆರಂಭಿಸುವುದೂ ಒಳ್ಳೆಯದು. ನಾಲೆ ನೀರು ಇದ್ದಕ್ಕಿದ್ದಂತೆ ನಿಂತರೆ ಪ್ರತಿ ಸಲವೂ ಕೊನೆಯವನೇ ಕೈ ಸುಟ್ಟುಕೊಳ್ಳುವುದು ತಪ್ಪುತ್ತದೆ.

ಸರದಿಪಟ್ಟಿಯನ್ನು ತೂಬಿನ ಬಳಿ ಕಲ್ಲಿಗೆ ಬಣ್ಣದಲ್ಲಿ ಬರೆಸಿ. ನೀರು ಬಿಡುವ ನೀರುಗಂಟಿಯ ಕೂಲಿಯನ್ನು ಎಲ್ಲರೂ ಎಕರೆ ಲೆಕ್ಕದಲ್ಲಿ ಕೊಡಿ. ಮೇಲಿನ ನಾಲ್ಕು ಮನೆಯವರೇ ಕೊಟ್ಟರೆ ಅವನು ಅವರ ಆಳಾಗುತ್ತಾನೆ. ಸರದಿ ಮುರಿದವರಿಗೆ ದಂಡ ದುಡ್ಡಿನಲ್ಲಿ ಬೇಡ, ನೀರಿನ ಗಂಟೆಯಲ್ಲಿ ಇರಲಿ. ಐನೂರು ರೂಪಾಯಿ ಕಟ್ಟಿ ಕದಿಯುವುದು ಕೆಲವರಿಗೆ ಲಾಭವೇ.

ಡೈರೀಲಿ ಇಪ್ಪತ್ತು ವರ್ಷದಿಂದ ಒಬ್ಬರೇ ಅಧ್ಯಕ್ಷರು. ಅವಿರೋಧ ಆಯ್ಕೆ ಅಂತಾರೆ. ಏನಾದ್ರೂ ಮಾಡಬಹುದಾ?

ಸಹಕಾರ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯರಿಗೆ ಒಂದೇ ಮತ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ (1959) ಪ್ರಕಾರ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕು. ನೀವು ಮಾಡಬಹುದಾದ್ದು: ಸದಸ್ಯರ ಪಟ್ಟಿಯಲ್ಲಿ ನಿಮ್ಮ ಹೆಸರು, ಹಾಲು ಹಾಕಿದ ದಿನಗಳ ದಾಖಲೆ ಸರಿಯಿದೆಯೇ ಅಂತ ಚುನಾವಣೆಗೆ ತಿಂಗಳುಗಟ್ಟಲೆ ಮುಂಚೆಯೇ ನೋಡಿ. ಮಹಾಸಭೆಗೆ ತಪ್ಪಿಸದೆ ಹೋಗಿ, ಹಾಜರಿ ಹಾಕಿ. ಬಾರದವರ ಮತದ ಹಕ್ಕಿಗೇ ತಕರಾರು ಬರುತ್ತದೆ. ಆಡಿಟ್ ವರದಿ ಮತ್ತು ಜಮಾಖರ್ಚಿನ ಪ್ರತಿಯನ್ನು ಬರಹದಲ್ಲಿ ಕೇಳಿ.

ಹಾಲು ಹಾಕುವ ಹೊತ್ತಿನಲ್ಲೇ ದಿನನಿತ್ಯದ ಪ್ರಜಾಪ್ರಭುತ್ವ ಇದೆ. ಫ್ಯಾಟು, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ತೋರಿಸುವ ಪರದೆ ಹಾಲು ತಂದವರ ಕಡೆ ತಿರುಗಿದೆಯೇ, ಕಾರ್ಯದರ್ಶಿಯ ಕಡೆಗೋ? ಚೀಟಿ ಆಗಲೇ ಕೊಡುತ್ತಾರೋ, ವಾರಕ್ಕೊಮ್ಮೆಯೋ? ಇವನ್ನು ಬದಲಿಸಲು ಚುನಾವಣೆ ಬೇಕಿಲ್ಲ.

ಎಲ್ಲ ಒಬ್ಬರ ಕೈಯಲ್ಲೇ ಸೇರದಂತೆ ನೋಡಿಕೊಳ್ಳುವುದರಲ್ಲಿ ಸ್ತ್ರೀಶಕ್ತಿ ಗುಂಪುಗಳು ಮುಂದಿವೆ. ಹಣದ ಪೆಟ್ಟಿಗೆ ಒಬ್ಬರ ಮನೆ, ಬೀಗದ ಕೈ ಇನ್ನೊಬ್ಬರ ಸೆರಗು, ಪಾಸ್‌ಬುಕ್ ಮೂರನೆಯವರ ಬಳಿ.

ಗ್ರಾಮಸಭೆಗೆ ಹೋದ್ರೆ ಬರೀ ಫಲಾನುಭವಿ ಪಟ್ಟಿ ಓದ್ತಾರೆ. ಹೋಗಿ ಏನ್ ಪ್ರಯೋಜನ?

ಪಟ್ಟಿ ಅಲ್ಲಿ ಹುಟ್ಟುವುದಿಲ್ಲ, ಅದಕ್ಕೂ ಮೊದಲಿನ ವಾರ್ಡ್ ಸಭೆಯಲ್ಲಿ ಹುಟ್ಟಬೇಕು. ಕರ್ನಾಟಕದ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ (1993) ಪ್ರಕಾರ ಎರಡೂ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡ್ ಸಭೆಗೆ ಕೋರಂ (ಕನಿಷ್ಠ ಹಾಜರಿ) ಮತದಾರರಲ್ಲಿ ಹತ್ತರಲ್ಲೊಂದು ಅಥವಾ 20 ಜನ, ಗ್ರಾಮಸಭೆಗೆ ಹತ್ತರಲ್ಲೊಂದು ಅಥವಾ 100 ಜನ, ಯಾವುದು ಕಡಿಮೆಯೋ ಅದು. ಜನ ಕಡಿಮೆ ಇದ್ದರೆ ತಲೆ ಎಣಿಸಿ, ಸಂಖ್ಯೆಯನ್ನು ನಡವಳಿಯಲ್ಲಿ ಬರೆಸಿ. ನಿಮ್ಮ ಬೇಡಿಕೆಯನ್ನು ಬಾಯಲ್ಲಿ ಹೇಳಿ ಬರಬೇಡಿ. ಎರಡು ಪ್ರತಿ ಬರೆದು ಒಂದಕ್ಕೆ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಸಹಿ, ಮೊಹರು ಹಾಕಿಸಿಕೊಳ್ಳಿ. ‘ರಸ್ತೆ ಮಾಡಿಸಿ’ ಅನ್ನುವುದಕ್ಕಿಂತ ‘ಅಂಗನವಾಡಿಯಿಂದ ಓವರ್‌ಹೆಡ್ ಟ್ಯಾಂಕ್‌ವರೆಗೆ 140 ಮೀಟರ್’ ಅಂತ ಅಳೆದು ಬರೆದದ್ದು ಕ್ರಿಯಾಯೋಜನೆಗೆ ಬೇಗ ಸೇರುತ್ತದೆ.

ಶಾಲೆಯಲ್ಲಿ ಮಕ್ಕಳ ಸಂಸತ್ತು ಮಾಡ್ತಾರೆ. ಅದು ಆಟ ಅಷ್ಟೇನಾ?

ಪ್ರಧಾನಿ, ನೀರಾವರಿ ಮಂತ್ರಿ ಅಂತ ಬ್ಯಾಡ್ಜು ಕೊಟ್ಟು ವರ್ಷವಿಡೀ ಸಾಲು ನಿಲ್ಲಿಸುವ ಕೆಲಸ ಮಾಡಿಸಿದರೆ ಆಟ. ಅವರ ಕೈಗೆ 500 ರೂಪಾಯಿ ಕೊಟ್ಟು ‘ಶಾಲೆಗೆ ಬೇಕಾದ ಒಂದು ವಸ್ತು ನೀವೇ ತೀರ್ಮಾನಿಸಿ ತನ್ನಿ, ಲೆಕ್ಕ ಬೋರ್ಡಿನಲ್ಲಿ ಬರೆಯಿರಿ’ ಅಂದರೆ ಆಟವಲ್ಲ. ಅವರು ಚೆಂಡು ತಂದರೆ ಬೈಯಬೇಡಿ. ದೊಡ್ಡವರ ಮಾತಿಗೆ ಬಂದರೆ, ಶಿಕ್ಷಣ ಹಕ್ಕು ಕಾಯ್ದೆ (2009) ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಒಟ್ಟಾರೆ ಅರ್ಧ ಹೆಂಗಸರು ಇರಬೇಕು ಅನ್ನುತ್ತದೆ. ಹೆಂಗಸರ ಹೆಸರು ಬರೆದು ಗಂಡಂದಿರು ಕೂರುವುದನ್ನು ಕಾಯ್ದೆ ಹೇಳಿಲ್ಲ.

## ಗಟ್ಟಿ ಪ್ರಶ್ನೆಗಳು

ಬಹುಮತ ಬಂದ್ರೆ ಯಾವ ತೀರ್ಮಾನ ಬೇಕಾದ್ರೂ ಮಾಡಬಹುದಾ?

ಇಲ್ಲ. ಕುಡಿಯುವ ನೀರು, ದಾರಿ, ಸ್ಮಶಾನ, ದೇವಸ್ಥಾನದ ಬಾಗಿಲು ಒಬ್ಬರಿಗೆ ಬಿಡಬೇಕೋ ಬೇಡವೋ ಅನ್ನುವುದು ಕೈ ಎತ್ತಿಸುವ ವಿಷಯವೇ ಅಲ್ಲ. ಯಾರು ಯಾರನ್ನು ಮದುವೆಯಾಗಬೇಕು ಅನ್ನುವುದೂ ಅಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ; ಪರಿಶಿಷ್ಟ ಜಾತಿ, ಪಂಗಡದವರಿಗೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಪರಾಧ. ಊರೆಲ್ಲ ಸೇರಿ ಕೂಡಿಕೊಂಡು ಮಾಡಿದರೂ ಅಪರಾಧವೇ. ಮೈಸೂರಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರು ಲಿಫ್ಟ್ ಹತ್ತಬಾರದು ಅಂತ ಬಹುಮತದಿಂದ ಠರಾವು ಮಾಡುವವರಿದ್ದಾರೆ. ಆ ಠರಾವಿನಿಂದ ಮೆಟ್ಟಿಲು ಹತ್ತಬೇಕಾದವರು ಸಭೆಯಲ್ಲೇ ಇರಲಿಲ್ಲ.

ತಿಳಿದವರು ಹೇಳಿದ್ದನ್ನ ತಿಳೀದವರು ವೋಟು ಹಾಕಿ ತಳ್ಳಿಹಾಕಿದ್ರೆ?

ಟ್ಯಾಂಕಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕು ಅನ್ನುವುದನ್ನು ವೋಟಿಗೆ ಹಾಕಬೇಡಿ. ಟ್ಯಾಂಕನ್ನು ಯಾವ ಬೀದಿಯಲ್ಲಿ ಕಟ್ಟಬೇಕು, ಯಾವ ಹೊತ್ತಿಗೆ ನೀರು ಬಿಡಬೇಕು ಅನ್ನುವುದನ್ನು ಎಂಜಿನಿಯರ್ ಒಬ್ಬರೇ ಹೇಳುವುದೂ ಬೇಡ. ಅವರು ಎರಡು ಮೂರು ದಾರಿ, ಪ್ರತಿಯೊಂದರ ಖರ್ಚು, ತೊಡಕು ಹೇಳಲಿ, ಆಯ್ಕೆ ಬಳಸುವವರದು. ‘ನಿಮಗೆ ಅರ್ಥವಾಗಲ್ಲ ಬಿಡಿ’ ಅನ್ನುವ ಪರಿಣತರಿಗೆ ಹೆಚ್ಚಾಗಿ ವಿಷಯ ತಿಳಿಸಿ ಹೇಳಲು ಬಾರದು, ಅಷ್ಟೆ.

ನಾನ್ ಒಬ್ನೇ ಎದ್ದು ಲೆಕ್ಕ ಕೇಳ್ದೆ. ಈಗ ಊರ್ನೋರ್ ಸರಿಯಾಗಿ ಮಾತಾಡ್ಸಲ್ಲ. ಏನ್ ಮಾಡ್ಲಿ?

ಒಬ್ಬರೇ ಏಳಬೇಡಿ. ಮುಂದಿನ ಸಲ ಮೂವರಾದರೂ ಬೇರೆ ಬೇರೆ ಬೀದಿಯವರು ಸಹಿ ಹಾಕಿ, ಸಭೆಗೆ ಮೂರು ದಿನ ಮುಂಚೆ ಬರಹದಲ್ಲಿ ಕೊಡಿ. ‘ಎಷ್ಟು ತಿಂದ್ರಿ?’ ಅಂತಲ್ಲ, ‘ಬಿಲ್ಲು 14 ಮತ್ತು 15 ಒಂದೇ ತಾರೀಖಿನವು, ವಿವರ ಬೇಕು’ ಅಂತ. ಖಜಾಂಚಿಗೆ ಉತ್ತರ ಸಿದ್ಧಮಾಡಿಕೊಳ್ಳಲು ಸಮಯ ಸಿಗಲಿ. ಬಹಳ ಸಲ ತಪ್ಪು ಬರವಣಿಗೆಯದೇ ಆಗಿರುತ್ತದೆ. ಹಾಗೆ ಆಗಿದ್ದರೆ ಅದೇ ಸಭೆಯಲ್ಲಿ ‘ಸರಿಹೋಯ್ತು’ ಅಂತ ಗಟ್ಟಿಯಾಗಿ ಹೇಳಿ. ಪಂಚಾಯಿತಿ, ಸರ್ಕಾರಿ ಕಚೇರಿಯ ಲೆಕ್ಕವಾದರೆ ಮಾಹಿತಿ ಹಕ್ಕು ಅರ್ಜಿ ಇದೆ: ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ.

ಮಾತು ಬಿಟ್ಟವರ ಮನೆಯ ಮದುವೆಗೆ, ಸಾವಿಗೆ ತಪ್ಪದೆ ಹೋಗಿ. ಲೆಕ್ಕ ಕೇಳಿದ್ದು ಹಗೆಯಿಂದಲ್ಲ ಅನ್ನುವುದು ಊರಿಗೆ ಗೊತ್ತಾಗುವುದು ಅಲ್ಲೇ. ಆದರೆ ಕೂಲಿ ತಪ್ಪಿಸುವುದು, ಅಂಗಡಿಯಲ್ಲಿ ಸಾಮಾನು ಕೊಡದಿರುವುದು, ನೀರು ತಡೆಯುವುದು ಶುರುವಾದರೆ ಅದು ಮುನಿಸಲ್ಲ. ತಾರೀಖು, ಸಾಕ್ಷಿ ಬರೆದಿಟ್ಟುಕೊಂಡು ತಹಶೀಲ್ದಾರರಿಗೆ, ಪೊಲೀಸರಿಗೆ ದೂರು ಕೊಡಿ.

ನಮ್ಮ ಸಂಘ ಸರಿದಾರಿಗೆ ಬರ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಹಿಂದಿನ ಆರು ಸಭೆಗಳ ನಡವಳಿ ತೆಗೆದು ಪೆನ್ಸಿಲ್ ಹಿಡಿದು ಕೂರಿ. ಮಾತಾಡಿದವರ ಹೆಸರು ಎಷ್ಟು, ಅದರಲ್ಲಿ ಹೊಸದೆಷ್ಟು? ಹೆಂಗಸರು ಎತ್ತಿದ ವಿಷಯ ಎಷ್ಟು, ಪಾಸಾದದ್ದೆಷ್ಟು? ಅಧ್ಯಕ್ಷರು ತಂದ ಪ್ರಸ್ತಾಪ ಒಮ್ಮೆಯಾದರೂ ಬಿದ್ದುಹೋಗಿದೆಯೇ? ಆರರಲ್ಲಿ ಒಂದೂ ಬಿದ್ದಿಲ್ಲ ಅಂದರೆ ಅನುಮಾನ ಪಡಿ. ಆಮೇಲೆ ವಿರೋಧ ಬರೆಸಿದವರ ಹೆಸರುಗಳಿಗೆ ಗುರುತು ಹಾಕಿ, ಅವರು ಅದರ ಮುಂದಿನ ಸಭೆಗೆ ಬಂದು ಸಹಿ ಹಾಕಿದ್ದಾರೆಯೇ ನೋಡಿ. ಬಾರದಿದ್ದವರ ಮನೆಗೆ ಹೋಗಿ ಯಾಕೆಂದು ಕೇಳಿ. ಒಂದು ಲೋಟ ಕಾಫಿ ಕೊಟ್ಟು ಹೇಳುತ್ತಾರೆ.